ಕಳ್ಳನಿಲ್ಲದೆ ಹೊಡೆವ ಗಂಟೆ

ಚಿಕ್ಕಮ್ಮ ಚಾಳಿನ ಮೆಟ್ಟಿಲ ನಡುವೆ ಕೂತುಬಿಟ್ಟಾಗ ‘ವಯಸ್ಸಾಯ್ತು ಬಿಡಿ’ ಅಂತ ನಕ್ಕವರಲ್ಲಿ ನಾನೂ ಒಬ್ಬ. ಆಮೇಲೆ ಕೈ ಎತ್ತಿ ತಲೆ ಬಾಚೋದೂ ಆಗಲಿಲ್ಲ. ರೆಪ್ಪೆ ಮೇಲೆ ನೇರಳೆ ಬಣ್ಣ, ಬೆರಳ ಗೆಣ್ಣುಗಳ ಮೇಲೆ ಕೆಂಪು ಗುಳ್ಳೆ. ಡಾಕ್ಟರು ಹೇಳಿದ ಹೆಸರು ಡರ್ಮಟೋಮಯೋಸೈಟಿಸ್. ಅಂದರೆ ಚರ್ಮ, ಸ್ನಾಯು ಎರಡಕ್ಕೂ ಉರಿಯೂತ.

ಕಾಮರ್ಸಿನವನಾದ ನನಗೆ ತಿಳಿದದ್ದು ಇಷ್ಟು. ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನು ಹೊರಬಿಟ್ಟು ನೆರೆಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್, ಲಿಂಡನ್‌ಮನ್ ಇದನ್ನು ಕಂಡುಹಿಡಿದರು. ಕಳ್ಳನೇ ಇಲ್ಲದ ಬ್ಯಾಂಕಿನಲ್ಲಿ ಅಪಾಯದ ಗಂಟೆ ಹೊಡೆದುಕೊಳ್ಳುತ್ತಲೇ ಇದ್ದರೆ? ಈ ರೋಗದಲ್ಲಿ ಆಗುವುದು ಅದೇ. ಸ್ನಾಯುವಿನ ಎಳೆ, ಸಣ್ಣ ರಕ್ತನಾಳ ಕೆಡುತ್ತವೆ. ಸ್ಟೀರಾಯ್ಡು ಇಡೀ ಕಾವಲನ್ನೇ ತಗ್ಗಿಸುತ್ತದೆ. ಜಾಕ್ ಎಂಬ ಕಿಣ್ವವನ್ನು ತಡೆಯುವ ಹೊಸ ಮಾತ್ರೆಗಳು ಗಂಟೆಯ ತಂತಿಗೇ ಕೈ ಹಾಕುತ್ತವೆ.

ಚಿಕ್ಕಮ್ಮನಿಗೆ ಸದ್ಯ ಸ್ಟೀರಾಯ್ಡೇ. ಮೊನ್ನೆ ಒಂದು ಮಹಡಿ ಹತ್ತಿದರು. ನಾನು ಹಿಂದೆಯೇ ಇದ್ದೆ.