ಗೋವಾಕ್ಕೆ ಹೊರಟಿರಾ? ಮೊದಲು ವಾಪಸ್ ಟಿಕೀಟು ತೆಗೀರಿ!

ಎದುರಿಗೆ ಸಿಗಾರ್ ಸೇದುವ ವಿಲನ್. ನಡುವೆ ಗಿರ್ರನೆ ತಿರುಗುವ ಚಕ್ರ. ಪಕ್ಕದಲ್ಲಿ ಮಿಣಮಿಣ ಉಡುಪಿನ ಕ್ಲಬ್ ಡ್ಯಾನ್ಸರ್! ನಮ್ಮ ಹೀರೋ ಜೇಬಿನಲ್ಲಿದ್ದುದನ್ನೆಲ್ಲ ಒಂದೇ ನಂಬರಿಗೆ ತಳ್ಳುತ್ತಾನೆ... ಗೋಲಿ ಬಂದು ಅದೇ ಮನೆಯಲ್ಲಿ ಬೀಳುತ್ತದೆ! ಗಾಂಧಿ ಕ್ಲಾಸಿನಲ್ಲಿ ಸಿಳ್ಳೆಯೋ ಸಿಳ್ಳೆ!

ಈ ಸೀನು ನೋಡದ ಚಿತ್ರರಸಿಕ ಯಾರಿದ್ದಾನೆ ಹೇಳಿ? ಅದನ್ನು ನೋಡಿಯೇ ಅಲ್ಲವೇ ನಮ್ಮ ಹುಡುಗರು ಗೋವಾ ಬಸ್ಸು ಹತ್ತುವುದು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. ಆಮೇಲೆ ಏಳೇ ವರ್ಷಕ್ಕೆ, 1968ರಲ್ಲಿ, ನಮ್ಮ ಅಣ್ಣಾವ್ರು 'ಗೋವಾದಲ್ಲಿ ಸಿ.ಐ.ಡಿ. 999' ಆಗಿ ಬಂದುಬಿಟ್ಟರು! ಮರುವರ್ಷ ಅದೇ ದೊರೆ-ಭಗವಾನ್ ಜೋಡಿಯ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಹಿಂದಿಯವರದು 1972ರ 'ಬಾಂಬೆ ಟು ಗೋವಾ'. ಚಿತ್ರದ ಬಹುಪಾಲು ಬಸ್ಸಿನಲ್ಲೇ! ಆ ಬಸ್ಸಿನ ಹಾರನ್ನು ಇನ್ನೂ ನಮ್ಮ ಕಿವಿಯಲ್ಲಿದೆ.

ಸರಿ, ಹೋಗುವುದು ಯಾವಾಗ? ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಅಲ್ಲಿನ ಸಮುದ್ರಕ್ಕೆ ಇಳಿಯುವುದೆಂದರೆ ಯಮನಿಗೆ ವಿಳಾಸ ಕೊಟ್ಟಂತೆ. ಬೇರೆ ದಿನಗಳಲ್ಲೂ ದಂಡೆಯಲ್ಲಿ ಕೆಂಪು ಬಾವುಟ ಕಂಡರೆ ನೀರಿಗೆ ಕಾಲಿಡಬೇಡಿ, ಕೆಂಪು-ಹಳದಿ ಬಾವುಟಗಳ ನಡುವೆಯೇ ಇರಿ. ಸಿನಿಮಾ ಹುಚ್ಚು ಜೋರಾಗಿದ್ದರೆ ನವೆಂಬರೇ ಸೈ. 2004ರಿಂದ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವ ಪಣಜಿಯಲ್ಲಿ ನಡೆಯುತ್ತಿದೆ. ಮೊದಲೇ ಹೆಸರು ನೋಂದಾಯಿಸಿಕೊಳ್ಳಿ.

ಹುಬ್ಬಳ್ಳಿಯಿಂದ ಪಣಜಿಗೆ ಹೆಚ್ಚುಕಡಿಮೆ 180 ಕಿಲೋಮೀಟರು. ರೈಲಾದರೆ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವಾಗ ದೂಧಸಾಗರ ಕಣ್ಣೆದುರಿಗೇ ಬರುತ್ತದೆ. ಕಿಟಕಿ ಸೀಟಿಗೆ ಜಗಳ ಮಾಡಿದರೂ ತಪ್ಪಿಲ್ಲ. ಗೋವಾದ ಸರ್ಕಾರಿ ಬಸ್ಸಿನ ಹೆಸರೇ ಕದಂಬ! ನಮ್ಮ ಬನವಾಸಿ ಕದಂಬರ ಒಂದು ಕವಲು ಅಲ್ಲೂ ಆಳಿತ್ತಲ್ಲ. ಪಣಜಿಯ ಕದಂಬ ಸ್ಟ್ಯಾಂಡಿನಲ್ಲಿ ಇಳಿದರೆ ಮಾಂಡೋವಿ ನದಿ ನಡೆದು ಹೋಗುವಷ್ಟು ಹತ್ತಿರ. 'ಏಕ್ ದೂಜೆ ಕೇ ಲಿಯೇ' ನೆನೆದು ಕಣ್ಣೊರೆಸಿಕೊಳ್ಳುವವರು ದೋನಾ ಪಾವ್ಲಾಕ್ಕೆ ಹೋಗಿ, 'ದಿಲ್ ಚಾಹತಾ ಹೈ' ಪೋಜು ಕೊಡುವವರು ಚಾಪೋರಾ ಕೋಟೆ ಹತ್ತಿ. ಕಲಂಗೂಟ್ ಬೀಚು ಪಣಜಿಯಿಂದ ಸುಮಾರು 15 ಕಿಲೋಮೀಟರು. ಬಾಡಿಗೆ ಸ್ಕೂಟರು ಹಿಡಿಯುವುದಾದರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದೆಯೇ ನೋಡಿ. ಇಲ್ಲದಿದ್ದರೆ ಪೊಲೀಸಪ್ಪನ ಜೊತೆ ಹೊಸ ಸ್ನೇಹವಾದೀತು.

ಅದೆಲ್ಲ ಇರಲಿ, ಹುಡುಗರು ಕೇಳುವುದು ಬೇರೆಯೇ. "ಗುರೂ, ಕ್ಯಾಸಿನೋ ಹೆಂಗೆ?"

ಸಂಜೆ ಆಯಿತೆಂದರೆ ಮಾಂಡೋವಿ ನದಿಯ ಮೇಲೆ ಹಡಗುಗಳು ಜಾತ್ರೆಯ ತೇರಿನ ಹಾಗೆ ಝಗಝಗ! 1976ರ ಜೂಜು ಕಾಯ್ದೆಗೆ ಗೋವಾ ಸರ್ಕಾರ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಮಶೀನು ಆಟಕ್ಕೆ ದಾರಿ ಮಾಡಿತು, 1996ರಲ್ಲಿ ಹಡಗಿನೊಳಗೆ ಟೇಬಲ್ ಆಟಕ್ಕೆ. 21 ತುಂಬಿರಬೇಕು, ಗುರುತಿನ ಚೀಟಿ ಬೇಕು, ಚಡ್ಡಿ-ಚಪ್ಪಲಿಯಲ್ಲಿ ಹೋದರೆ ಬಾಗಿಲಲ್ಲೇ ನಮಸ್ಕಾರ. ಪ್ರವೇಶ ಶುಲ್ಕವೇ ಸಾವಿರಗಳ ಲೆಕ್ಕ. ಊಟ-ಪಾನೀಯ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ. ಜೊತೆಗೆ ಕೊಡುವ ಬಿಟ್ಟಿ ಚಿಪ್ಸ್ ಇದೆಯಲ್ಲ, ಅದು ಆಡಲಿಕ್ಕೆ ಮಾತ್ರ, ನಗದು ಮಾಡಿಸಿಕೊಳ್ಳುವ ಹಾಗಿಲ್ಲ. ಚಿಪ್ಸ್ ಕೊಳ್ಳುವ ಹಣದ ಮೇಲೆ ಜಿ.ಎಸ್.ಟಿ. ಬೇರೆ: 2023ರ ಅಕ್ಟೋಬರಿನಿಂದ ಶೇಕಡಾ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40!

ಇನ್ನೊಂದು ತಮಾಷೆ ಕೇಳಿ. 2020ರ ಫೆಬ್ರವರಿ 1ರಿಂದ ಗೋವಾದವರು ಆ ಕ್ಯಾಸಿನೋಗಳಲ್ಲಿ ಆಡುವ ಹಾಗಿಲ್ಲ. ತಮ್ಮ ಮಕ್ಕಳಿಗೆ ಬೇಡವಾದದ್ದು ನಮಗಂತೆ! ಹಡಗಿನೊಳಗೆ ಹೋದರೆ ಏನು ಕಾಣುತ್ತದೆ? ನಮ್ಮ ಅಂದರ್ ಬಾಹರ್! ಊರ ಹುಣಸೆ ಮರದ ಕೆಳಗೆ ಆಡಿದರೆ ಮರುದಿನ ಪೇಪರಿನಲ್ಲಿ 'ಇಸ್ಪೀಟು ಅಡ್ಡೆ ಮೇಲೆ ದಾಳಿ'. ಇಲ್ಲಿ ಅದೇ ಎಲೆಯನ್ನು ಟೈ ಕಟ್ಟಿದ ಹುಡುಗಿ ಹಂಚುತ್ತಾಳೆ, 'ಸರ್' ಅನ್ನುತ್ತಾಳೆ.

ಹೀರೋನ ಚಕ್ರದ ವಿಷಯಕ್ಕೆ ಬರೋಣ. ಪಿ.ಯು.ಸಿ.ಯನ್ನೇ ಅರ್ಧಕ್ಕೆ ಬಿಟ್ಟು ಬಂದವ ನಾನು, ನನಗೂ ತಿಳಿದ ಲೆಕ್ಕ ಇದು. ಒಂದು ಸೊನ್ನೆ ಇರುವ ಚಕ್ರದಲ್ಲಿ ಒಟ್ಟು 37 ಮನೆ. ಗೆದ್ದರೆ ಒಂದಕ್ಕೆ 35 ಕೊಡುತ್ತಾರೆ. ಎಲ್ಲ ಮನೆಗೂ ನೂರು ನೂರು ಇಡಿ: 3,700 ಆಯಿತು. ಯಾವುದೋ ಒಂದು ಮನೆ ಗೆಲ್ಲಲೇಬೇಕು. ಬರುವುದು 3,500, ಅದರ ಮೇಲೆ ನೀವಿಟ್ಟ ನೂರು. ನೂರು ರೂಪಾಯಿ ಗಾಯಬ್! ಎರಡು ಸೊನ್ನೆಯ ಚಕ್ರವಾದರೆ ಇನ್ನೂ ನೂರು ಹೋಯಿತು. ಮೋಸವಿಲ್ಲ, ಮಸಲತ್ತಿಲ್ಲ, ಲೆಕ್ಕವೇ ಹಾಗೆ.

ಕಳೆದ ಚಳಿಗಾಲ ನಾವು ನಾಲ್ವರು ಹೋಗಿದ್ದೆವು. ನಮ್ಮಲ್ಲೊಬ್ಬ ಟೂ ವೀಲರ್ ಮೆಕ್ಯಾನಿಕ್. ಸ್ವಂತ ಗ್ಯಾರೇಜಿಗೆ ಕಂಪ್ರೆಸರ್ ತರಲೆಂದು ಕೂಡಿಟ್ಟ ಹದಿನೆಂಟು ಸಾವಿರ ಅವನ ಒಳಜೇಬಿನಲ್ಲಿತ್ತು. ನಮಗ್ಯಾರಿಗೂ ಹೇಳಿರಲಿಲ್ಲ. ಮೊದಲ ಅರ್ಧ ಗಂಟೆ ನಾಲ್ಕು ಸಾವಿರ ಗೆದ್ದ. ಕಾಲು ನೆಲದ ಮೇಲಿರಲಿಲ್ಲ ಪುಣ್ಯಾತ್ಮನಿಗೆ! ಆಮೇಲೆ ಶುರುವಾಯಿತು.

"ಸಾಕು ಏಳೋ" ಅಂದೆ.

"ತಡಿಯೋ ಮಾರಾಯಾ, ಐದ್ ಸಲ ಕರಿ ಬಂದೈತಿ, ಈಗ ಕೆಂಪ ಬರಾಕs ಬೇಕಲಾ!"

ಆರನೆಯ ಸಲವೂ ಕರಿ. ಹಿಂದಿನ ಸಲ ಎಲ್ಲಿ ಬಿದ್ದಿದ್ದೆ ಅಂತ ಆ ಗೋಲಿಗೆ ಎಲ್ಲಿ ನೆನಪಿರುತ್ತದೆ ಸ್ವಾಮೀ? ಪ್ರತಿ ಸಲವೂ ಕೆಂಪಿಗೆ 37ರಲ್ಲಿ 18 ಚಾನ್ಸು, ಅಷ್ಟೇ. ರಾತ್ರಿ ಎರಡಕ್ಕೆ ದೋಣಿಯಲ್ಲಿ ದಡಕ್ಕೆ ಬರುವಾಗ ಅವನ ಹತ್ತಿರ ಚಹಾಕ್ಕೆ ಸಾಲುವಷ್ಟು ಚಿಲ್ಲರೆಯೂ ಇರಲಿಲ್ಲ. ಹಿನ್ನೆಲೆ ಸಂಗೀತವಿಲ್ಲ, ಹೀರೋಯಿನ್ ಇಲ್ಲ. ಬೆಳಗಿನ ಬಸ್ಸಿನವರೆಗೆ ಸ್ಟ್ಯಾಂಡಿನ ಬೆಂಚೇ ಗತಿ. ಟಿಕೀಟು ನಾವು ಮೂವರು ಸೇರಿ ತೆಗೆದೆವು. "ಮನ್ಯಾಗ ಹೇಳಬ್ಯಾಡ್ರಿಪಾ" ಅಂದವನು ಹುಬ್ಬಳ್ಳಿವರೆಗೆ ಮತ್ತೆ ಬಾಯಿ ಬಿಡಲಿಲ್ಲ. ಅನಮೋಡ ಚೆಕ್‌ಪೋಸ್ಟಿನಲ್ಲಿ ಬಾಟಲಿ ಹುಡುಕಲು ಹತ್ತಿದ ಅಬಕಾರಿಯವರು ಅವನ ಚೀಲ ತಡಕಿದರು: ಒಂದು ಟವೆಲ್ಲು, ಅವ್ವನಿಗೆಂದು ಮೊದಲ ದಿನವೇ ಕೊಂಡಿದ್ದ ಕಾಲು ಕೆ.ಜಿ. ಗೋಡಂಬಿ.

ಆದ್ದರಿಂದ ನನ್ನ ಪ್ಲಾನು ಹೀಗಿದೆ. ವಾಪಸ್ ಟಿಕೀಟು ಊರಲ್ಲೇ ತೆಗೀರಿ. ಲಾಡ್ಜಿನ ಬಾಡಿಗೆ ಮೊದಲೇ ಕಟ್ಟಿ. ಹಡಗು ಹತ್ತಲೇಬೇಕೆಂದರೆ ಪ್ರವೇಶದ ದುಡ್ಡು ಸಿನಿಮಾ ಟಿಕೀಟೆಂದು ತಿಳಿದು ಬಿಟ್ಟುಬಿಡಿ, ಬ್ಯಾಂಕಿನ ಕಾರ್ಡು, ಫೋನಿನಲ್ಲಿ ದುಡ್ಡು ಕಳಿಸುವ ವ್ಯವಸ್ಥೆ ಎರಡನ್ನೂ ಹಡಗು ಹತ್ತದ ಗೆಳೆಯನ ಕೈಗೆ ಕೊಡಿ.

ಕಂಪ್ರೆಸರ್ ಇನ್ನೂ ಬಂದಿಲ್ಲ. ಕಾಲಲ್ಲಿ ಒತ್ತುವ ಪಂಪಿನಲ್ಲೇ ಅವನ ಗಾಳಿ ನಡೆದಿದೆ. ಮುಂದಿನ ಡಿಸೆಂಬರಿಗೆ ಮತ್ತೆ ಹೊರಡುವ ಮಾತಿದೆ. ಪಾಕೀಟು ನಿನ್ನ ಹತ್ತಿರವೇ ಇರಲಿ ಅಂದಿದ್ದಾನೆ ನನಗೆ.