ನೀರಿನಿಂದ ಪಾರಾದ ಕಲ್ಲಿನ ಇಗರ್ಜಿ

ಸ್ಪೇನ್ ದೇಶದ ವಾಯವ್ಯ ಭಾಗದಲ್ಲಿ ಸಮೋರಾ ಎಂಬ ಪ್ರಾಂತವಿದೆ. ಅಲ್ಲಿನ ಎಲ್ ಕಾಂಪಿಲ್ಯೊ ಎಂಬ ಸಣ್ಣ ಗ್ರಾಮದಲ್ಲಿ ಸಂತ ಪೇತ್ರನಿಗೆ ಅರ್ಪಿತವಾದ ಪುರಾತನ ಶಿಲಾಮಂದಿರವೊಂದು ನಿಂತಿದೆ. ಅದರ ಹೆಸರು ‘ಸಾನ್ ಪೆದ್ರೊ ದೆ ಲಾ ನಾವೆ’. ಈ ಹೆಸರಿನ ಕಡೆಯ ಶಬ್ದ ಕನ್ನಡಿಗರಿಗೆ ಅಪರಿಚಿತವಲ್ಲ. ಆ ಭಾಷೆಯಲ್ಲಿಯೂ ‘ನಾವೆ’ ಎಂದರೆ ಹಡಗೇ. ಲ್ಯಾಟಿನಿನ ‘ನಾವಿಸ್’ ಮತ್ತು ಸಂಸ್ಕೃತದ ‘ನೌ’ ಶಬ್ದಗಳು ಒಂದೇ ಮೂಲದಿಂದ ಹುಟ್ಟಿದವು. ಎಸ್ಲಾ ನದಿಯನ್ನು ದಾಟಿಸುತ್ತಿದ್ದ ದೋಣಿಯಿಂದ ಈ ಇಗರ್ಜಿಗೆ ಆ ಹೆಸರು ಬಂದಿತೆಂದು ಹೇಳುವುದುಂಟು.

ಇದನ್ನು ಕಟ್ಟಿದವರೆಂದು ಬಹುಕಾಲದಿಂದ ನಂಬಲಾಗಿರುವ ವಿಸಿಗೋಥರು ಜರ್ಮಾನಿಕ್ ಮೂಲದ ಜನ. ಕ್ರಿ. ಶ. 410ರಲ್ಲಿ ಅಲಾರಿಕನ ನಾಯಕತ್ವದಲ್ಲಿ ರೋಮ್ ನಗರವನ್ನು ಸೂರೆಗೈದವರು ಇವರೇ. ತರುವಾಯ ಇವರು ಇಂದಿನ ಫ್ರಾನ್ಸಿನ ದಕ್ಷಿಣದಲ್ಲಿ ನೆಲೆಸಿದರು. 507ರಲ್ಲಿ ಫ್ರಾಂಕರಿಗೆ ಸೋತ ಮೇಲೆ ಅವರ ರಾಜ್ಯದ ಕೇಂದ್ರವು ಸ್ಪೇನಿಗೆ ಸರಿದು, ತೊಲೇದೊ ನಗರವು ರಾಜಧಾನಿಯಾಯಿತು. 589ರಲ್ಲಿ ರೆಕಾರೆದ್ ಎಂಬ ಅರಸನು ತನ್ನ ಹಿರಿಯರ ಏರಿಯನ್ ಪಂಥದಿಂದ ಕಥೋಲಿಕ ಪಂಥಕ್ಕೆ ಬಂದುದನ್ನು ತೊಲೇದೊ ಸಭೆಯಲ್ಲಿ ಘೋಷಿಸಿದನು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಇದ್ದ ಮತಭೇದ ಹೀಗೆ ಅಳಿಯಿತು. 711ರಲ್ಲಿ ಮುಸಲ್ಮಾನ ಸೇನೆಗಳು ಆಫ್ರಿಕದಿಂದ ಬಂದಿಳಿದಾಗ ಆ ರಾಜ್ಯ ಕುಸಿಯಿತು.

ಕಟ್ಟಡವು ಚಿಕ್ಕದು, ಹೊರನೋಟಕ್ಕೆ ಆಡಂಬರವಿಲ್ಲದ್ದು. ಚೆನ್ನಾಗಿ ಕಡೆದ ಮರಳುಗಲ್ಲಿನ ದೊಡ್ಡ ದಿಮ್ಮಿಗಳಿಂದ ಗೋಡೆಗಳು ಎದ್ದಿವೆ. ಪಶ್ಚಿಮಾರ್ಧದಲ್ಲಿ ಕಂಬಗಳ ಸಾಲುಗಳಿಂದ ವಿಭಾಗಗೊಂಡ ಮೂರು ಅಂಕಣಗಳಿವೆ. ನಡುವೆ ಉತ್ತರ ದಕ್ಷಿಣವಾಗಿ ಚಾಚಿದ ಅಡ್ಡ ಅಂಕಣವು ಉದ್ದದ ಅಂಕಣವನ್ನು ಸಂಧಿಸುವುದರಿಂದ ಒಳಗೆ ಶಿಲುಬೆಯ ಆಕಾರ ಮೂಡುತ್ತದೆ. ಪೂರ್ವದ ಕೊನೆಯಲ್ಲಿ ನಮ್ಮ ಗರ್ಭಗೃಹವನ್ನು ನೆನಪಿಗೆ ತರುವ ಚೌಕಾಕೃತಿಯ ಪೂಜಾಸ್ಥಾನವಿದೆ.

ಪೂಜಾಸ್ಥಾನದ ಕಮಾನು ಕುದುರೆಯ ಲಾಳದ ಆಕಾರದ್ದು. ಸಾಮಾನ್ಯ ಕಮಾನು ಅರ್ಧವೃತ್ತಕ್ಕೆ ನಿಲ್ಲುತ್ತದೆ. ಇದಾದರೋ ಅರ್ಧವೃತ್ತವನ್ನು ಮೀರಿ ಕೆಳಗೆ ಮತ್ತೆ ಒಳಕ್ಕೆ ಬಾಗುತ್ತದೆ. ಇಂತಹ ಕಮಾನನ್ನು ಸ್ಪೇನಿಗೆ ತಂದವರು ಅರಬರೆಂದು ಅನೇಕರು ಭಾವಿಸುವುದುಂಟು. ಆದರೆ ಪಾಲೆನ್ಸಿಯ ಪ್ರಾಂತದ ಸಾನ್ ಹುವಾನ್ ದೆ ಬಾನ್ಯೋಸ್ ಇಗರ್ಜಿಯಲ್ಲಿ ಇದೇ ಬಗೆಯ ಕಮಾನುಗಳಿವೆ. ಅಲ್ಲಿನ ಶಾಸನವು ರೆಕೆಸ್ವಿಂತ್ ಅರಸನ ಹೆಸರನ್ನೂ 661ಕ್ಕೆ ಸರಿಹೊಂದುವ ಕಾಲವನ್ನೂ ಹೇಳುತ್ತದೆ. ಅರಬರು ಬರುವುದಕ್ಕೆ ಐವತ್ತು ವರ್ಷ ಮೊದಲೇ ಈ ರೂಪವು ಅಲ್ಲಿ ರೂಢಿಯಲ್ಲಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ಕೊರ್ದೊಬದ ಮಹಾಮಸೀದಿಯನ್ನು ಕಟ್ಟಿದವರು ಅದನ್ನು ಇನ್ನಷ್ಟು ಬೆಳೆಸಿದರು.

ಈ ಇಗರ್ಜಿಯ ನಿಜವಾದ ಸಂಪತ್ತು ನಡುವಣ ಕಂಬಗಳ ಬೋದಿಗೆಗಳಲ್ಲಿದೆ. ಒಂದರಲ್ಲಿ ಅಬ್ರಹಾಮನು ಮಗ ಇಸಾಕನನ್ನು ಬಲಿಕೊಡಲು ಕತ್ತಿಯೆತ್ತಿದ್ದಾನೆ. ಮೇಲಿನಿಂದ ದೇವರ ಕೈಯೊಂದು ತೋರಿ ಅವನನ್ನು ತಡೆಯುತ್ತದೆ. ಇನ್ನೊಂದರಲ್ಲಿ ಪ್ರವಾದಿ ದಾನಿಯೇಲನು ಸಿಂಹಗಳ ನಡುವೆ ಕೈಗಳನ್ನೆತ್ತಿ ಪ್ರಾರ್ಥಿಸುತ್ತಿದ್ದಾನೆ. ಕಥೆಯಲ್ಲಿ ಅವನನ್ನು ದೂಡಿದುದು ಸಿಂಹಗಳ ಗುಂಡಿಗೆ. ಶಿಲ್ಪದಲ್ಲಿ ಅವನು ನಿಂತಿರುವುದು ನೀರಿನಲ್ಲಿ. ಲ್ಯಾಟಿನಿನ ‘ಲಾಕುಸ್’ ಶಬ್ದಕ್ಕೆ ಗುಂಡಿಯೆಂದೂ ಕೊಳವೆಂದೂ ಅರ್ಥವಿರುವುದರಿಂದ ಶಿಲ್ಪಿಯು ಎರಡನೆಯದನ್ನು ಹಿಡಿದನೆಂದು ವಿದ್ವಾಂಸರು ವಿವರಿಸುತ್ತಾರೆ. ಉಳಿದೆರಡು ಬೋದಿಗೆಗಳಲ್ಲಿ ಹಕ್ಕಿಗಳಿವೆ.

ನದೀತೀರದಲ್ಲಿ ಮರೆತುಹೋದಂತಿದ್ದ ಈ ಕಟ್ಟಡದ ಮಹತ್ವವನ್ನು 1906ರಲ್ಲಿ ಗುರುತಿಸಿ ಲೋಕಕ್ಕೆ ತಿಳಿಸಿದವರು ಮಾನುಯೆಲ್ ಗೋಮೆಸ್ ಮೊರೇನೊ ಎಂಬ ವಿದ್ವಾಂಸರು. 1912ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಅಷ್ಟರಲ್ಲಿ ಎಸ್ಲಾ ನದಿಗೆ ರಿಕೊಬಾಯೊ ಎಂಬಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟನ್ನು ಕಟ್ಟುವ ಯೋಜನೆ ಬಂದಿತು. ಇಗರ್ಜಿಯ ನೆಲವು ಮುಳುಗಡೆಯ ಪಾಲಾಗುವುದಿತ್ತು. ಆಗ ವಾಸ್ತುಶಿಲ್ಪಿ ಅಲೆಹಾಂದ್ರೊ ಫೆರ್ರಾಂತರ ಮೇಲ್ವಿಚಾರಣೆಯಲ್ಲಿ 1930ರಿಂದ 1932ರವರೆಗೆ ಕಟ್ಟಡವನ್ನು ಕಲ್ಲುಕಲ್ಲಾಗಿ ಬಿಚ್ಚಿ, ಎತ್ತರದ ಎಲ್ ಕಾಂಪಿಲ್ಯೊವಿಗೆ ಸಾಗಿಸಿ, ಮರಳಿ ಜೋಡಿಸಿದರು. ನಷ್ಟವಾಗಿದ್ದ ಮೇಲ್ಭಾಗಗಳನ್ನು ಇಟ್ಟಿಗೆಯಿಂದ ತುಂಬಿದುದರಿಂದ, ಹಳೆಯದಾವುದು ಹೊಸದಾವುದು ಎಂಬುದು ನೋಡುವವನ ಕಣ್ಣಿಗೆ ಸುಲಭವಾಗಿ ತಿಳಿಯುತ್ತದೆ.

ಆದರೆ ಕಲ್ಲು ಉಳಿದರೂ ಒಂದು ಪ್ರಶ್ನೆಗೆ ಉತ್ತರ ಕಠಿಣವಾಯಿತು. ಗೋಮೆಸ್ ಮೊರೇನೊ ಅವರು ಇದನ್ನು ಏಳನೆಯ ಶತಮಾನದ ಅಂತ್ಯದ ವಿಸಿಗೋಥ್ ಕೃತಿಯೆಂದು ನಿರ್ಣಯಿಸಿದರು. ಇಂದಿಗೂ ಅನೇಕರ ಮತ ಅದೇ. ಇತ್ತೀಚಿನ ದಶಕಗಳಲ್ಲಿ ಲೂಯಿಸ್ ಕಬಾಲ್ಯೆರೊ ಮೊದಲಾದ ಪುರಾತತ್ತ್ವಜ್ಞರು ಇದು 711ರ ಅನಂತರದ್ದಿರಬೇಕೆಂದು ವಾದಿಸಿದ್ದಾರೆ. ಕಟ್ಟಡದ ಕಾಲವನ್ನು ಗೊತ್ತುಮಾಡುವಾಗ ಗೋಡೆ ಎಷ್ಟು ಮುಖ್ಯವೋ ಅದರ ಬುಡದ ಮಣ್ಣಿನ ಪದರಗಳೂ ಅಷ್ಟೇ ಮುಖ್ಯ. ಇಲ್ಲಿ ಗೋಡೆಯು ದಡಕ್ಕೆ ಬಂದಿತು. ಮೂಲ ನೆಲವು ನೀರಿನಡಿಯಲ್ಲಿ ಉಳಿಯಿತು.

ತುಂಗಭದ್ರೆಯು ಕೃಷ್ಣೆಯನ್ನು ಸೇರುವ ಕೂಡವಲ್ಲಿಯಲ್ಲಿದ್ದ ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರ ದೇವಾಲಯವನ್ನು ಶ್ರೀಶೈಲ ಜಲಾಶಯದ ದೆಸೆಯಿಂದ ಆಲಂಪುರಕ್ಕೆ ಸಾಗಿಸಿದುದನ್ನು ಬಲ್ಲವರಿಗೆ ಈ ವೃತ್ತಾಂತ ದೂರದ್ದೆನಿಸದು. ನಾಡಿಗೆ ವಿದ್ಯುತ್ತೂ ನೀರೂ ಬೇಕು. ಹಿರಿಯರ ಕೃತಿಗಳೂ ಉಳಿಯಬೇಕು. ಎರಡೂ ಒಂದೆಡೆ ಎದುರಾದಾಗ ಕಲ್ಲನ್ನು ಎತ್ತುವುದಕ್ಕೆ ಮುಂಚೆ ನೆಲವನ್ನು ಅಗೆದು, ಅಳೆದು, ಬರೆದಿಡಬೇಕು. ಎಸ್ಲಾ ತೀರದ ಆ ಪುಟ್ಟ ಮಂದಿರವು ತನ್ನ ಉಳಿವಿನಿಂದಲೂ, ತನ್ನ ಕಾಲವನ್ನು ಕುರಿತ ಈ ವಾದದಿಂದಲೂ ಕಲಿಸುವ ಪಾಠವಿದು.