ಹಿಂದಿನ ಸೀಟಿಗೆ 94 ಮಿಲಿಮೀಟರ್: ಹೋಲ್ಡನ್ ಸ್ಟೇಟ್ಸ್‌ಮನ್ ಮತ್ತು ಕ್ಯಾಪ್ರೀಸ್

ನಾನು ಅಡಿಲೇಡ್‌ನಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ನಮ್ಮ ಮನೆ ಮುಂದೆಯೇ ನಿಂತಿದೆ. ಹದಿನೈದು ವರ್ಷ ದಾಟಿದ, ಐದು ಮೀಟರ್‌ಗಿಂತ ಉದ್ದದ ಒಂದು ಹಳೇ ಹೋಲ್ಡನ್ ಕ್ಯಾಪ್ರೀಸ್. ಇದನ್ನ ಇಟ್ಕೋಬೇಕಾ, ಮಾರಬೇಕಾ ಅಂತ ಮನೆಯಲ್ಲಿ ಮೂರು ತಿಂಗಳಿಂದ ಚರ್ಚೆ ನಡೀತಾ ಇದೆ.

ಕಾರಣ ಹೇಳ್ತೀನಿ. ನಮ್ಮ ಅಮ್ಮ ಪ್ರತಿ ಎರಡು ವರ್ಷಕ್ಕೊಮ್ಮೆ ಶಿವಮೊಗ್ಗದಿಂದ ಇಲ್ಲಿಗೆ ಬರ್ತಾರೆ. ಎರಡೂ ಮಂಡಿ ಆಪರೇಷನ್ ಆಗಿದೆ. ಹೆಂಡತಿಯ ಸಣ್ಣ ಕಾರಿನಲ್ಲಿ ಹಿಂದೆ ಕೂತರೆ ಮಂಡಿ ಮುಂದಿನ ಸೀಟಿಗೆ ತಾಗುತ್ತೆ, ಅರ್ಧ ಗಂಟೆಗೇ "ಸ್ವಲ್ಪ ನಿಲ್ಸೋ ಮಗಾ" ಅಂತಾರೆ. ಈ ಕ್ಯಾಪ್ರೀಸ್‌ನಲ್ಲಿ ಮೊದಲ ಸಲ ಕೂತಾಗ ಕಾಲು ಚಾಚಿ, "ಇದು ಕಾರಲ್ಲ ಕಣೋ, ನಮ್ಮ ಜಗಲಿ" ಅಂದ್ರು. ಆ ಜಗಲಿ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಕಥೆ.

ವೀಲ್‌ಬೇಸ್ ಅಂದ್ರೇನು?

ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಇರುವ ದೂರವೇ ವೀಲ್‌ಬೇಸ್. ಕಾರಿನ ಒಟ್ಟು ಉದ್ದ ಬೇರೆ, ಇದು ಬೇರೆ. ಬಂಪರ್ ಉದ್ದ ಮಾಡಬಹುದು, ಡಿಕ್ಕಿ ಉದ್ದ ಮಾಡಬಹುದು, ವೀಲ್‌ಬೇಸ್ ಬದಲಾಗಲ್ಲ. ಆದರೆ ಒಳಗೆ ಕೂರುವವರಿಗೆ ನಿಜವಾಗಿ ಜಾಗ ಸಿಗಬೇಕಾದರೆ ಹಿಗ್ಗಬೇಕಾದದ್ದು ಈ ಎರಡು ಚಕ್ರಗಳ ನಡುವಿನ ಭಾಗವೇ.

ಈ ವ್ಯತ್ಯಾಸ ಆಸ್ಟ್ರೇಲಿಯಾದ ಇತಿಹಾಸದಲ್ಲೇ ಚೆನ್ನಾಗಿ ಕಾಣುತ್ತೆ. 1967ರಲ್ಲಿ ಫೋರ್ಡ್ ಕಂಪನಿ ಇಲ್ಲಿ ತಯಾರಿಸಿದ ಫೇರ್‌ಲೇನ್ ಕಾರನ್ನು ಬಿಡುಗಡೆ ಮಾಡಿತು. ಅವರ ಸಾಮಾನ್ಯ ಫಾಲ್ಕನ್ ಕಾರಿನ ವೀಲ್‌ಬೇಸ್ 111 ಇಂಚು, ಫೇರ್‌ಲೇನ್‌ನದು 116 ಇಂಚು. ಅಂದರೆ ಐದು ಇಂಚು ನೇರವಾಗಿ ಚಕ್ರಗಳ ನಡುವೆ ಸೇರಿತು. ಇದಕ್ಕೆ ಉತ್ತರವಾಗಿ 1968ರಲ್ಲಿ ಹೋಲ್ಡನ್ ಬಿಟ್ಟದ್ದು ಬ್ರೂಮ್ ಅನ್ನುವ ಮಾದರಿ. ಅದರಲ್ಲಿ ಉದ್ದವಾಗಿದ್ದು ಡಿಕ್ಕಿ ಮಾತ್ರ! ಸೂಟ್‌ಕೇಸಿಗೆ ಸುಖ, ಕೂತವರಿಗೆ ಹಳೇ ಜಾಗವೇ. ಜನ ಫೇರ್‌ಲೇನ್ ಕಡೆಗೇ ನೋಡಿದ್ದರಲ್ಲಿ ಆಶ್ಚರ್ಯ ಇಲ್ಲ.

1971: ಸ್ಟೇಟ್ಸ್‌ಮನ್ ಬಂತು

ಹೋಲ್ಡನ್ ಪಾಠ ಕಲಿತಿತು. 1971ರಲ್ಲಿ ಎಚ್‌ಕ್ಯೂ ಸರಣಿಯ ಜೊತೆಗೆ ಸ್ಟೇಟ್ಸ್‌ಮನ್ ಬಂತು. ಎಚ್‌ಕ್ಯೂ ಸೆಡಾನ್‌ನ ವೀಲ್‌ಬೇಸ್ 111 ಇಂಚು, ಸ್ಟೇಟ್ಸ್‌ಮನ್‌ನದು 114 ಇಂಚು. ಇದನ್ನು "ಹೋಲ್ಡನ್" ಅಂತ ಮಾರಲಿಲ್ಲ, ಸ್ಟೇಟ್ಸ್‌ಮನ್ ಅನ್ನೋದೇ ಪ್ರತ್ಯೇಕ ಬ್ರ್ಯಾಂಡ್ ಆಗಿತ್ತು. ಮೂರು ವರ್ಷದ ನಂತರ, 1974ರ ಎಚ್‌ಜೆ ಸರಣಿಯಲ್ಲಿ, ಅದರ ಮೇಲಿನ ದರ್ಜೆಯಾಗಿ ಕ್ಯಾಪ್ರೀಸ್ ಅನ್ನುವ ಹೆಸರು ಸೇರಿಕೊಂಡಿತು.

ಈಗ ಒಂದು ಪ್ರಶ್ನೆ. ಆ 114 ಇಂಚು ಎಲ್ಲಿಂದ ಬಂತು? ಹೊಸ ಉದ್ದದ ಕಾರು ಮಾಡೋದು ಅಂದರೆ ನೆಲದ ತಗಡನ್ನು ಒತ್ತುವ ದೊಡ್ಡ ದೊಡ್ಡ ಅಚ್ಚುಗಳು ಬೇಕು, ಅಪಘಾತ ಪರೀಕ್ಷೆ ಬೇಕು, ಬ್ರೇಕ್ ಪೈಪಿಂದ ಹಿಡಿದು ಪ್ರೊಪೆಲ್ಲರ್ ಶಾಫ್ಟ್‌ವರೆಗೆ ಎಲ್ಲವನ್ನೂ ಮತ್ತೆ ಅಳೀಬೇಕು. ಆಸ್ಟ್ರೇಲಿಯಾದಂಥ ಸಣ್ಣ ಮಾರುಕಟ್ಟೆಯಲ್ಲಿ ವರ್ಷಕ್ಕೆ ಕೆಲವೇ ಸಾವಿರ ಮಾರಾಟವಾಗೋ ಕಾರಿಗೆ ಅಷ್ಟು ಹಣ ಸುರಿಯೋಕಾಗಲ್ಲ. ಹಾಗಾಗಿ ಅವರು ಮನೆಯಲ್ಲೇ ಇದ್ದ ಸಾಮಾನು ಬಳಸಿದರು. ಎಚ್‌ಕ್ಯೂ ಸರಣಿಯ ಸ್ಟೇಷನ್ ವ್ಯಾಗನ್, ಹಿಂದೆ ತೆರೆದ ತೊಟ್ಟಿ ಇರುವ ಯೂಟ್, ಪ್ಯಾನಲ್ ವ್ಯಾನ್ ಇವಕ್ಕೆಲ್ಲ ಆಗಲೇ 114 ಇಂಚಿನ ವೀಲ್‌ಬೇಸ್ ಇತ್ತು. ಇಟ್ಟಿಗೆ ಹೊರುವ ಯೂಟ್ ಮತ್ತು ಮಂತ್ರಿ ಕೂರುವ ಸ್ಟೇಟ್ಸ್‌ಮನ್ ಎರಡರ ಅಳತೆಯೂ ಒಂದೇ!

ಈ ಸೂತ್ರ ಕೊನೆವರೆಗೂ ಉಳಿಯಿತು. ಡಬ್ಲ್ಯೂಬಿ ಸರಣಿಯ ನಂತರ ಐದು ವರ್ಷಕ್ಕೂ ಹೆಚ್ಚು ಕಾಲ ಹೋಲ್ಡನ್ ಈ ದರ್ಜೆಯನ್ನೇ ಬಿಟ್ಟಿತ್ತು. 1990ರಲ್ಲಿ ವಿಕ್ಯೂ ಸರಣಿಯಾಗಿ ಸ್ಟೇಟ್ಸ್‌ಮನ್, ಕ್ಯಾಪ್ರೀಸ್ ವಾಪಸ್ ಬಂದವು. ಈ ಸಲ ಹೋಲ್ಡನ್ ಹೆಸರಲ್ಲೇ. ಆಧಾರ ಮತ್ತೆ ಕಮಡೋರ್ ವ್ಯಾಗನ್‌ನ ಉದ್ದನೆಯ ತಳವೇ. 1999ರ ಡಬ್ಲ್ಯೂಎಚ್ ಸರಣಿಯಲ್ಲಿ ಅಂತರ ಇನ್ನೂ ಹಿಗ್ಗಿತು. ವಿಟಿ ಕಮಡೋರ್ ಸೆಡಾನ್‌ಗೆ 2788 ಮಿಲಿಮೀಟರ್, ಸ್ಟೇಟ್ಸ್‌ಮನ್‌ಗೆ 2939 ಮಿಲಿಮೀಟರ್. ಅಂದರೆ 151 ಮಿಲಿಮೀಟರ್ ಜಾಸ್ತಿ.

2006ರಲ್ಲಿ ನಮ್ಮ ಮನೆಯ ಕಾರಿನ ಸರಣಿ ಡಬ್ಲ್ಯೂಎಂ ಬಂತು. ವಿಇ ಕಮಡೋರ್‌ಗೆ 2915, ಕ್ಯಾಪ್ರೀಸ್‌ಗೆ 3009 ಮಿಲಿಮೀಟರ್. ವ್ಯತ್ಯಾಸ 94 ಮಿಲಿಮೀಟರ್. ಈ ತಲೆಮಾರಿನಲ್ಲಿ ವ್ಯಾಗನ್‌ಗೆ ಸೆಡಾನ್‌ನ ಗಿಡ್ಡ ತಳವನ್ನೇ ಕೊಟ್ಟರು. ಹಾಗಾದರೆ 3009 ಯಾರ ಜೊತೆ ಹಂಚಿಕೊಂಡರು? ಮತ್ತೆ ಯೂಟ್ ಜೊತೆ!

ಎಂಜಿನ್ ಮತ್ತು ಮಾದರಿ ಬದಲಾವಣೆ

ಇಲ್ಲಿ ಬೇಗ ಬೇಗ ಹೋಗೋಣ. 1990ರ ವಿಕ್ಯೂನಲ್ಲಿ ಮೆಲ್ಬರ್ನ್‌ನಲ್ಲೇ ತಯಾರಾದ 5 ಲೀಟರ್ ವಿ8 ಎಂಜಿನ್ ಇತ್ತು, ಹಿಂದಿನ ಎರಡು ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಇತ್ತು. ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದನ್ನ ಎಳೆಯಲ್ಲ, ಹಿಂದೆ ಕೂತವರಿಗೆ ಇದು ದೊಡ್ಡ ಉಪಕಾರ. 1996ರಲ್ಲಿ 3.8 ಲೀಟರ್ ವಿ6ಗೆ ಸೂಪರ್‌ಚಾರ್ಜರ್ ಆಯ್ಕೆ ಬಂತು. 1999ರಲ್ಲಿ ಸ್ಥಳೀಯ ವಿ8 ಹೋಗಿ ಉತ್ತರ ಅಮೆರಿಕದ 5.7 ಲೀಟರ್ ವಿ8 ಬಂತು. 2004ರ ಡಬ್ಲ್ಯೂಎಲ್‌ನಲ್ಲಿ ಮೆಲ್ಬರ್ನ್‌ನ ಹೊಸ 3.6 ಲೀಟರ್ ವಿ6, 2006ರ ಡಬ್ಲ್ಯೂಎಂನಲ್ಲಿ 270 ಕಿಲೋವ್ಯಾಟ್‌ನ 6 ಲೀಟರ್ ವಿ8. 2010ರಲ್ಲಿ ಸ್ಟೇಟ್ಸ್‌ಮನ್ ಹೆಸರು ನಿಂತು ಕ್ಯಾಪ್ರೀಸ್ ಮಾತ್ರ ಉಳಿಯಿತು. 2013ರಲ್ಲಿ ಡಬ್ಲ್ಯೂಎನ್, ಕೊನೆಯ ಎರಡು ವರ್ಷ 304 ಕಿಲೋವ್ಯಾಟ್‌ನ 6.2 ಲೀಟರ್ ವಿ8.

ಒಂದು ವಿಷಯದಲ್ಲಿ ಮಾತ್ರ ನಿಲ್ಲೋಣ. 2009ರಿಂದ ಆ 6 ಲೀಟರ್ ಎಂಜಿನ್ ಹೆದ್ದಾರಿಯಲ್ಲಿ ಆರಾಮವಾಗಿ ಓಡುವಾಗ ಎಂಟರಲ್ಲಿ ನಾಲ್ಕು ಸಿಲಿಂಡರ್‌ಗಳಿಗೆ ರಜಾ ಕೊಡೋಕೆ ಶುರು ಮಾಡಿತು. ಹೇಗೆ? ವಾಲ್ವ್ ತಳ್ಳುವ ಲಿಫ್ಟರ್ ಒಳಗೆ ಒಂದು ಸಣ್ಣ ಕೊಂಡಿ ಇದೆ. ಆಯಿಲ್ ಒತ್ತಡ ಕೊಟ್ಟರೆ ಕೊಂಡಿ ಬಿಟ್ಟುಕೊಳ್ಳುತ್ತೆ, ಲಿಫ್ಟರ್ ತನ್ನೊಳಗೇ ಕುಗ್ಗುತ್ತೆ, ವಾಲ್ವ್ ತೆರೆಯೋದೇ ಇಲ್ಲ. ಒಳಗೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗ್ ಥರ ಕುಗ್ಗುತ್ತೆ, ಹಿಗ್ಗುತ್ತೆ. ಉಳಿದ ನಾಲ್ಕು ಸಿಲಿಂಡರ್‌ಗಳು ಜಾಸ್ತಿ ಕೆಲಸ ಮಾಡೋದರಿಂದ ಥ್ರಾಟಲ್ ಜಾಸ್ತಿ ತೆರೆದಿರುತ್ತೆ. ಅರ್ಧ ಮುಚ್ಚಿದ ಬಾಗಿಲಿನಿಂದ ಗಾಳಿ ಎಳೆಯೋ ಶ್ರಮ ಕಡಿಮೆ ಆಗಿ ಪೆಟ್ರೋಲ್ ಉಳಿಯುತ್ತೆ.

ಉದ್ದವಾದರೆ ಸುಖವಾ? ಲೆಕ್ಕ ಹಾಕೋಣ

"ವೀಲ್‌ಬೇಸ್ ಉದ್ದ ಇದ್ದರೆ ಕಾರು ಕುಲುಕಲ್ಲ" ಅಂತ ಎಲ್ಲರೂ ಹೇಳ್ತಾರೆ. ನಿಜವಾ? 10 ಸೆಂಟಿಮೀಟರ್ ಎತ್ತರದ ಹಂಪ್ ಮೇಲೆ ಮುಂದಿನ ಚಕ್ರ ಹತ್ತಿತು ಅಂದ್ಕೊಳ್ಳಿ. ಸ್ಪ್ರಿಂಗ್ ಲೆಕ್ಕ ಬಿಟ್ಟರೆ, ಎರಡೂವರೆ ಮೀಟರ್ ವೀಲ್‌ಬೇಸ್‌ನ ಸಣ್ಣ ಕಾರು ಸುಮಾರು 2.3 ಡಿಗ್ರಿ ವಾಲುತ್ತೆ. ಕಮಡೋರ್ 1.97 ಡಿಗ್ರಿ, ಕ್ಯಾಪ್ರೀಸ್ 1.90 ಡಿಗ್ರಿ. ಸಣ್ಣ ಕಾರಿಗೂ ಕ್ಯಾಪ್ರೀಸ್‌ಗೂ ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತೆ. ಆದರೆ ಕಮಡೋರ್‌ಗೂ ಕ್ಯಾಪ್ರೀಸ್‌ಗೂ? ಡಿಗ್ರಿಯ ನೂರರಲ್ಲಿ ಏಳು ಪಾಲು ಕೂಡ ಇಲ್ಲ, ಯಾರಿಗೂ ತಿಳಿಯಲ್ಲ. ಅಂದರೆ ಆ 94 ಮಿಲಿಮೀಟರ್ ಮಾಡೋ ನಿಜವಾದ ಕೆಲಸ ಕಾಲಿಗೆ ಜಾಗ ಕೊಡೋದು, ಹಿಂದಿನ ಬಾಗಿಲನ್ನು ಅಗಲ ಮಾಡೋದು. ಅಮ್ಮನ ಮಂಡಿಗೆ ಬೇಕಾಗಿದ್ದೂ ಅಷ್ಟೇ. ಬಗ್ಗದ ಕಾಲನ್ನು ಒಳಗೆ ಎಳೆದುಕೊಳ್ಳೋಕೆ ಬಾಗಿಲಲ್ಲಿ ನಾಲ್ಕು ಬೆರಳು ಜಾಗ ಸಾಕು.

ಇದಕ್ಕೆ ಬೆಲೆ ತೆರಬೇಕು. ಚಕ್ರ ಅಷ್ಟೇ ತಿರುಗಿಸಿದರೂ ತಿರುವಿನ ವೃತ್ತ ಸುಮಾರು ಶೇಕಡಾ 3ರಷ್ಟು ದೊಡ್ಡದಾಗುತ್ತೆ. ಹೊಟ್ಟೆ ತಾಗೋ ಭಯವೂ ಜಾಸ್ತಿ. ನೆಲದಿಂದ 15 ಸೆಂಟಿಮೀಟರ್ ಎತ್ತರ ಇರೋ ಎರಡೂವರೆ ಮೀಟರ್ ಕಾರು ಸುಮಾರು 13.7 ಡಿಗ್ರಿಯ ದಿಬ್ಬ ದಾಟಬಲ್ಲದು. ಅದೇ ಎತ್ತರದ ಮೂರು ಮೀಟರ್ ಕಾರಿಗೆ 11.4 ಡಿಗ್ರಿಯೇ ಮಿತಿ. ಬೆಂಗಳೂರಿನ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟೋ ಹಂಪ್‌ಗಳ ಮೇಲೆ ಈ ಕಾರು ಹೋದರೆ ಏನಾಗುತ್ತೆ ಅಂತ ನೀವೇ ಊಹಿಸಿ!

ಗಲ್ಫ್‌ನಲ್ಲಿರೋ ಕೇಳುಗರಿಗೆ

ಕುವೈತ್, ದಮ್ಮಾಮ್, ದುಬೈಯಲ್ಲಿ ಕೇಳ್ತಾ ಇರೋರು "ಈ ಕಾರು ನಮಗೆ ಗೊತ್ತು" ಅನ್ನಬಹುದು. ಹೌದು, ನಿಮ್ಮ ರಸ್ತೆಗಳಲ್ಲಿ ಓಡಿದ ಶೆವ್ರೊಲೆಟ್ ಕ್ಯಾಪ್ರೀಸ್ ಇದೇ. 1999ರಿಂದ ಅಡಿಲೇಡ್ ಪಕ್ಕದ ಎಲಿಜಬೆತ್ ಕಾರ್ಖಾನೆಯಲ್ಲಿ ಎಡಗಡೆ ಸ್ಟಿಯರಿಂಗ್ ಇಟ್ಟು, ಶೆವ್ರೊಲೆಟ್ ಗುರುತು ಅಂಟಿಸಿ ನಿಮ್ಮ ಕಡೆ ಕಳಿಸುತ್ತಿದ್ದರು. ಇದೇ ಕುಟುಂಬದ ಕಾರು ಚೀನಾದಲ್ಲಿ ಬ್ಯೂಕ್ ಆಯಿತು, ಕೊರಿಯಾದಲ್ಲಿ ಡೇವೂ ಆಯಿತು. ಅಮೆರಿಕದ ಪೊಲೀಸರಿಗಂತಲೇ ಒಂದು ಕ್ಯಾಪ್ರೀಸ್ 2011ರಿಂದ ಇಲ್ಲಿಂದಲೇ ಹೋಯಿತು. ಊರಿಂದ ಹೋದ ನಾವು ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಪಾಸ್‌ಪೋರ್ಟ್ ಹಿಡಿದ ಹಾಗೆ, ಈ ಕಾರೂ ಅಷ್ಟೇ.

ಆದರೆ ರಫ್ತು ಕೂಡ ಕಾರ್ಖಾನೆಯನ್ನ ಉಳಿಸಲಿಲ್ಲ. ಆಸ್ಟ್ರೇಲಿಯಾದ ಡಾಲರ್ ಬಲವಾದಾಗ ಹೊರಗೆ ಮಾರೋದು ದುಬಾರಿಯಾಯಿತು, ಆಮದು ಸುಂಕ ಇಳಿದು ಹೊರಗಿನ ಕಾರು ಅಗ್ಗವಾಯಿತು, ಜನ ಎತ್ತರದ ಎಸ್‌ಯುವಿ ಕಡೆ ತಿರುಗಿದರು. ಫೇರ್‌ಲೇನ್ 2007ರಲ್ಲೇ ನಿಂತಿತ್ತು. ಎಲಿಜಬೆತ್ ಕಾರ್ಖಾನೆ 2017ರ ಅಕ್ಟೋಬರ್ 20ರಂದು ಮುಚ್ಚಿತು. ಕೊನೆಗೆ ಹೊರಬಂದದ್ದು ಒಂದು ಕೆಂಪು ಕಮಡೋರ್. ಅವತ್ತು ಕೆಲಸ ಕಳಕೊಂಡವರು ಒಂಬೈನೂರಕ್ಕೂ ಹೆಚ್ಚು ಜನ. 2020ರಲ್ಲಿ ಹೋಲ್ಡನ್ ಹೆಸರನ್ನೇ ನಿಲ್ಲಿಸುವುದಾಗಿ ಜನರಲ್ ಮೋಟರ್ಸ್ ಘೋಷಿಸಿತು.

ನಮ್ಮ ಬೀದಿಯಲ್ಲಿ ಆ ಕಾರ್ಖಾನೆಯ ಬಾಡಿ ಶಾಪ್‌ನಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರಿದ್ದಾರೆ. ಕಾರು ಮಾರುವ ಮಾತು ಎತ್ತಿದೆ. ಅವರು ಏನೂ ಹೇಳಲಿಲ್ಲ, ಹಿಂದಿನ ಬಾಗಿಲು ತೆಗೆದು ಎರಡು ಸಲ ಹಾಕಿ ಸದ್ದು ಕೇಳಿದರು. ಆಮೇಲೆ, "ಬಿಡಿಭಾಗ ಸಿಗೋವರೆಗೆ ಇಟ್ಕೊಳ್ಳಿ. ಎಂಜಿನ್, ಬ್ರೇಕ್ ಸಾಮಾನು ಕಮಡೋರ್‌ದೇ ಬಹಳ ನಡೆಯುತ್ತೆ, ಅವು ಲಕ್ಷಗಟ್ಟಲೆ ಇವೆ. ಹಿಂದಿನ ಬಾಗಿಲು, ಹಿಂದಿನ ಗಾಜು ಮಾತ್ರ ಇದಕ್ಕೇ ಅಂತ ಮಾಡಿದ್ದು. ಅದನ್ನ ಗುದ್ದಿಸ್ಕೋಬೇಡಿ" ಅಂದರು. ಹಂಚಿಕೊಂಡ ಭಾಗ ಬದುಕುತ್ತೆ, ವಿಶೇಷವಾದ ಭಾಗ ಮೊದಲು ಸಾಯುತ್ತೆ. ಹಳೇ ಕಾರು ಕೊಳ್ಳೋ ಯಾರಿಗಾದರೂ ನಾನು ಹೇಳೋ ಮಾತು ಇದೇ: ಯಾವ ಭಾಗ ಯಾರ ಜೊತೆ ಹಂಚಿಕೆಯಾಗಿದೆ ಅಂತ ಮೊದಲು ನೋಡಿ.

ಸದ್ಯಕ್ಕೆ ನಮ್ಮ ತೀರ್ಮಾನ ಹೀಗಿದೆ. ಅಮ್ಮ ಬರುವ ಮಾರ್ಚ್‌ಗೆ ಬರ್ತಾರೆ. ಅಲ್ಲಿವರೆಗೆ ಕಾರು ಇರುತ್ತೆ. ಪೆಟ್ರೋಲ್ ಖರ್ಚಿನ ಪಟ್ಟಿ ಫ್ರಿಜ್ ಮೇಲೆ ಹೆಂಡತಿ ಅಂಟಿಸಿದ್ದಾಳೆ, ಅದೂ ಅಲ್ಲೇ ಇರುತ್ತೆ.

ನಿಮ್ಮ ಊರಲ್ಲಿ, ನಿಮ್ಮ ದೇಶದಲ್ಲಿ ಈ ಕಾರನ್ನ ಓಡಿಸಿದ್ದರೆ, ಅಥವಾ ಹಿಂದೆ ಕೂತು ಕಾಲು ಚಾಚಿದ್ದರೆ, ಬರೆದು ತಿಳಿಸಿ.